ನಾತಾಳ ಬಂತು, ಕೀಲಿ ಗಟ್ಟಿ ಹಾಕ್ರಿ!

ಪ್ರತಿ ವರ್ಷ ಡಿಸೆಂಬರಿನ ಕೊನೆಯ ವಾರ ನನ್ನ ಪಾಲಿಗೆ ಏನಾದರೊಂದು ಫಜೀತಿ ಆಗೇ ಆಗುತ್ತದೆ. ಆಗದಿದ್ದರೆ ಏನೋ ಮರೆತು ಕೂತಂತೆ ಅನ್ನಿಸುತ್ತದೆ.

ಮಹಾರಾಷ್ಟ್ರದ ಗಡಿಯ ಇಚಲಕರಂಜಿಯ ಪೇಟೆಯಲ್ಲಿ ನನ್ನದೊಂದು ಕೀಲಿ-ಬೀಗ ರಿಪೇರಿ ಅಂಗಡಿ. ಅಂಗಡಿ ಅಂದರೆ ಒಂದು ಮೇಜು, ಒಂದು ದೊಡ್ಡ ಛತ್ರಿ, ತಂತಿಗೆ ಪೋಣಿಸಿದ ಹಳೇ ಕೀಲಿಕೈಗಳ ಗೊಂಚಲು, ಅಷ್ಟೇ. ನಮ್ಮಜ್ಜ ಚಿಕ್ಕೋಡಿ ಕಡೆಯಿಂದ ಬಂದು ಹಾಕಿದ ಮೇಜು ಅದು. ಕ್ರಿಸ್‌ಮಸ್ಸಿಗೆ ನಮ್ಮ ಕಡೆ ನಾತಾಳ ಅನ್ನುತ್ತಾರೆ. ನಾತಾಳ ಬಂತೆಂದರೆ ಶಾಲೆಗಳಿಗೆ ಸೂಟಿ, ಅಂಗಡಿಗಳಲ್ಲಿ ಸೇಲು. ಯಾವ ದೇವರಿಗೆ ಕೈ ಮುಗಿಯುವವರೇ ಇರಲಿ, ಅರ್ಧ ಊರು ತಿರುಗಾಡಲು, ಇನ್ನರ್ಧ ಊರು ಖರೀದಿಗೆ ಹೊರಡುತ್ತದೆ. ಹೊರಡುವ ಮುಂಚೆ ಎಲ್ಲರಿಗೂ ಕಳ್ಳರ ನೆನಪಾಗುತ್ತದೆ; ನನ್ನ ಮೇಜಿಗೆ ಬರುತ್ತಾರೆ. ನಾನು ಕೀಲಿ ಕೂರಿಸಿಕೊಡುತ್ತೇನೆ, ಜೊತೆಗೆ ನಾಲ್ಕು ಬುದ್ಧಿಮಾತು ಪುಕ್ಕಟೆ. ನನ್ನ ಕೀಲಿಯಿಂದ ಇವತ್ತಿನವರೆಗೆ ಯಾರಿಗೂ ತೊಂದರೆ ಆಗಿಲ್ಲ. ಬುದ್ಧಿಮಾತಿನದೇ ತಾಪತ್ರಯ.

೧. ಒಳಗ ಯಾರೋ ಅದಾರ!

ಗಡಹಿಂಗ್ಲಜ ನನ್ನ ಹೆಂಡತಿಯ ತವರು. ಅಲ್ಲಿ ಮಾವನವರ ಪಕ್ಕದ ಮನೆಯಲ್ಲಿ ಒಬ್ಬ ಕ್ರಿಶ್ಚಿಯನ್ ಶಿಕ್ಷಕಿ ಇದ್ದಾರೆ, ಓಣಿಯವರೆಲ್ಲ 'ಬಾಯಿ' ಅನ್ನುತ್ತಾರೆ. ಒಂದು ವರ್ಷ ನಾವು ಅಲ್ಲೇ ಇದ್ದೆವು; ನಾತಾಳದ ಹಿಂದಿನ ದಿನ ನನ್ನ ಕೈಯಿಂದ ಬಾಗಿಲಿಗೆ ಮೂರು ಕೀಲಿ ಹಾಕಿಸಿದರು. ಅಷ್ಟಕ್ಕೇ ಬಿಡದೆ, ನಾನು ಹೇಳಿಕೊಟ್ಟಂತೆ ನೆರೆಯವರಿಗೆಲ್ಲ ತಾಕೀತು ಮಾಡಿದರು: "ನಾವು ಚರ್ಚಿಗೆ ಹೋದಾಗ ಒಳಗ ಏನರ ಸಪ್ಪಳ ಆತು ಅಂದ್ರ ಬಾಗಿಲ ತಗೀಬ್ಯಾಡ್ರಿ. ಬಡಿಗಿ ಹಿಡಕೊಂಡು ನಿಂದರ್ರಿ, ನಾ ಬರೂತನಾ."

ಮರುದಿನ ಬೆಳಿಗ್ಗೆ ಬಾಯಿ ಮಕ್ಕಳನ್ನು ಕರೆದುಕೊಂಡು ಹೊರಟರು. ಗಂಡ ಮುಂದೆ ಹೋದರೆಂದು ತಿಳಿದು ಮೂರೂ ಕೀಲಿ ಜಡಿದರು. ಗಂಡ ಬಚ್ಚಲಲ್ಲಿದ್ದರು. ಅವರ ಫೋನು ಬಾಯಿಯ ಪರ್ಸಿನಲ್ಲಿತ್ತು. ಆ ಮನೆಗೆ ಓಣಿಯ ಕಡೆ ಕಿಟಕಿಯೂ ಇಲ್ಲ.

ಸ್ವಲ್ಪ ಹೊತ್ತಿಗೆ ಒಳಗಿಂದ ಬಾಗಿಲು ದಬದಬ ಬಡಿಯುವ ಸಪ್ಪಳ ಕೇಳಿತು. ಓಣಿಯೆಲ್ಲ ಬಡಿಗೆ ಹಿಡಿದು ಓಡಿ ಬಂತು.

"ನಾನ್ರೀ, ಮನೀ ಮಾಲಕ!"

"ಮಾಲಕರು ಚರ್ಚಿಗೆ ಹೋಗ್ಯಾರ. ನೀ ಯಾವ?" ಅಂದರು ನನ್ನ ಮಾವ.

"ಅಲ್ರೀ, ನನ್ನ ದನಿ ಗುರ್ತ ಹತ್ತವಲ್ದೇನ್ರಿ?"

"ನೋಡ್ರಿ, ಮಾಲಕರ ದನಿ ತಗಿಯೂದೂ ಕಲ್ತು ಬಂದಾನ ಮಗ!"

ನಾನು ಕೀಲಿ ತೆಗೆಯಲು ಮುಂದಾದೆ. ಮಾವ ಕೈ ಹಿಡಿದು ಎಳೆದರು. "ಅಳಿಯಂದ್ರ, ಹಬ್ಬದ ದಿನ ಹುಚ್ಚುತನ ಮಾಡಬ್ಯಾಡ್ರಿ." ಎರಡು ತಾಸು ಪಹರೆ ನಡೆಯಿತು. ಒಳಗಿನ ಬಡಿತ ಮೊದಲು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. "ಹೆದ್ರಿದ," ಅಂದರು ಮಾವ.

ಬಾಯಿ ಬಂದು ಬಾಗಿಲು ತೆಗೆದಾಗ ಗಂಡ ಹೊಸ ಅಂಗಿ ತೊಟ್ಟು ಕುರ್ಚಿಯಲ್ಲಿ ಹಾಯಾಗಿ ಕೂತಿದ್ದರು. ಎದುರಿಗೆ ಕರಚಿಕಾಯಿ ಡಬ್ಬಿ ಖಾಲಿ, ಚಕ್ಕುಲಿ ಡಬ್ಬಿ ಖಾಲಿ, ಕೇಕು ಇದ್ದ ತಾಟಿನಲ್ಲಿ ಚೂರಿಯೊಂದೇ ಉಳಿದಿತ್ತು.

ಬಾಯಿ ಒಂದೊಂದೇ ಡಬ್ಬಿ ಎತ್ತಿ ನೋಡಿ ಅಂದರು: "ಖರೇನ ಕಳ್ಳ ಬಂದಿದ್ರ, ನಮಗೂ ನಾಕು ಬಿಟ್ಟು ಹೋಗ್ತಿದ್ದ."

೨. ಹೇಳೂ ಓಟಿಪಿ, ಹೇಳಬಾರದ ಓಟಿಪಿ

ನಮ್ಮ ಗಲ್ಲಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಎಲ್ಲರ ಬಾಯಲ್ಲೂ 'ಆಯಿ'. ಮೊಬೈಲಿಗೆ ಬರುವ ಓಟಿಪಿ ಅಂಕಿಗಳನ್ನು ಯಾರಿಗೂ ಹೇಳಬಾರದು ಅಂತ ಅವರಿಗೆ ಕಲಿಸಿದವನು ನಾನೇ. ಆಯಿ ಗಟ್ಟಿ ಹಿಡಿದರು.

ನಾತಾಳದ ಸೇಲಿನಲ್ಲಿ ಮೊಮ್ಮಗಳು ಆಯಿಗೊಂದು ಸ್ವೆಟರ್ ತರಿಸಿದಳು. ಪಾರ್ಸೆಲ್ ತಂದವನು ಮೀಸೆ ಬಿಟ್ಟ, ನಲವತ್ತು ದಾಟಿದ ಮನುಷ್ಯ. ಬಾಗಿಲಲ್ಲಿ ನಿಂತು, "ಆಯಿ, ಓಟಿಪಿ ಹೇಳ್ರಿ, ಪಾರ್ಸೆಲ್ ಕೊಡ್ತೇನಿ," ಅಂದ.

ಆಯಿ ಅವನ ಚೀಲದ ಪಟ್ಟಿ ಹಿಡಿದು ಸೀದಾ ನನ್ನ ಮೇಜಿಗೆ ಎಳೆದು ತಂದರು. "ಸಿಕ್ಕಾನ ನೋಡಪಾ, ನೀ ಹೇಳಿದ್ದೆಲ್ಲಾ ಇವನ!"

"ಆಯಿ, ಇದು ಬ್ಯಾರೆ. ಬ್ಯಾಂಕಿಂದು ಹೇಳಬಾರದ ಓಟಿಪಿ. ಇದು ಹೇಳೂ ಓಟಿಪಿ."

"ನಿನ್ನಿ ಯಾರಿಗೂ ಹೇಳಬ್ಯಾಡ್ರಿ ಅಂದಿ. ಇವತ್ತು ಹೇಳ್ರಿ ಅಂತಿ. ಇವಾ ನಿನಗ ಪರಿಚಯದಾವೇನು?" ಆಯಿ ನನ್ನನ್ನೂ ಅನುಮಾನದಿಂದ ನೋಡಿದರು.

ಬಹಳ ಹೇಳಿದ ಮೇಲೆ ಅಂಕಿಯನ್ನಾದರೂ ನೋಡೋಣ ಅಂತ ಒಪ್ಪಿದರು. ಪಾರ್ಸೆಲ್ ತಂದವನಿಗೆ, "ನೀ ದೂರ ನಿನ್ನ ಗಾಡಿ ಹತ್ರ ನಿಂದರು," ಅಂತ ಅಪ್ಪಣೆ. ಚಷ್ಮಾ ಮನೆಯಲ್ಲಿ ಉಳಿದಿತ್ತು. ಹಾಗಾಗಿ ಮೊದಲು ಕಾಯಿಪಲ್ಯೆ ಮಾರುವವಳಿಂದ ಓದಿಸಿದರು. ಆಕೆ ಸರಿ ಓದಿದಳೋ ಇಲ್ಲವೋ ಅಂತ ಚಹಾದವನಿಂದ ಓದಿಸಿದರು. ಅವನು ಒಂಬತ್ತು ಅಂದದ್ದು ಆರೇನೋ ಅಂತ ಟೇಲರ್‌ನಿಂದ ಓದಿಸಿದರು. ಟೇಲರ್ ಎದುರು ಮನೆಯ ಮಹಡಿಗೆ ಕೂಗಿ ಮತ್ತೊಮ್ಮೆ ಖಾತ್ರಿ ಮಾಡಿಕೊಂಡ.

ಅರ್ಧ ತಾಸಿನಲ್ಲಿ ಇಡೀ ಗಲ್ಲಿಗೆ ಆ ನಾಲ್ಕು ಅಂಕಿ ಬಾಯಿಪಾಠ ಆಗಿದ್ದವು. ಗೊತ್ತಿಲ್ಲದೇ ಉಳಿದವನು ಪಾರ್ಸೆಲ್ ತಂದವನೊಬ್ಬನೇ.

೩. ಪರ್ಸಿನ ಕೀಲಿ

ಇದು ನನ್ನ ಮನೆಯದೇ ಕಥೆ. ನಾತಾಳದ ಸೇಲಿಗೆ ಅಂತ ನಾನೂ ನನ್ನ ಹೆಂಡತಿಯೂ ಕೊಲ್ಹಾಪುರದ ಒಂದು ದೊಡ್ಡ ಬಟ್ಟೆ ಅಂಗಡಿಗೆ ಹೋದೆವು. ಜನರ ಗರ್ದಿಯಲ್ಲಿ ಪರ್ಸಿಗೆ ಯಾರಾದರೂ ಕೈ ಹಾಕಿಯಾರೆಂದು ಜಿಪ್ಪಿಗೆ ನಾನೇ ಒಂದು ಪುಟ್ಟ ಕೀಲಿ ಹಾಕಿಕೊಟ್ಟಿದ್ದೆ. ಒತ್ತಿದರೆ ಸಾಕು, ಟಕ್ ಅಂತ ಬೀಳುವಂಥದ್ದು. ಕೀಲಿಕೈ ಜೋಪಾನ ಅಂತ ಬುದ್ಧಿಮಾತೂ ಹೇಳಿದ್ದೆ.

ಸೀರೆ ಆರಿಸಿ, ಉದ್ದನೆ ಸಾಲಿನಲ್ಲಿ ನಿಂತು, ಕೊನೆಗೆ ಕೌಂಟರಿಗೆ ಬಂದೆವು.

"ಪರ್ಸ್ ತಗಿ," ಅಂದೆ.

"ಕೀಲಿಕೈ ಬೇಕಲ್ರೀ."

"ಎಲ್ಲೈತಿ?"

"ಗರ್ದ್ಯಾಗ ಕಳದೀತು ಅಂತ ಪರ್ಸಿನಾಗ ಇಟ್ಟೇನಿ."

ಹಿಂದೆ ಸಾಲು ಗೊಣಗತೊಡಗಿತು. ನನ್ನ ಕೆಲಸದ ಸಾಮಾನೆಲ್ಲ ಇಚಲಕರಂಜಿಯಲ್ಲಿ. ನಾನು ಹಿಂದೆ ನಿಂತಿದ್ದ ಹೆಣ್ಣುಮಗಳ ಕಡೆ ತಿರುಗಿ, "ಅಕ್ಕಾರ, ತಲಿಪಿನ್ನು ಒಂದು ಕೊಡ್ರಿ," ಅಂದೆ. ಪಾಪ, ಕೊಟ್ಟರು. ಪಿನ್ನು ತೂರಿಸಿ ಒಂದು ತಿರುವು ತಿರುವಿದೆ. ಕೀಲಿ ಕಳಚಿ ಕೈಗೆ ಬಂತು.

ಪಿನ್ನು ವಾಪಸ್ ಕೊಡಲು ತಿರುಗಿದರೆ ಆ ಅಕ್ಕ ಎರಡು ಹೆಜ್ಜೆ ಹಿಂದೆ ಸರಿದು, "ಇರ್ಲಿ ಇರ್ಲಿ, ನೀವ ಇಟ್ಕೊಳ್ರಿ," ಅಂದರು. ಸಾಲಿನಲ್ಲಿದ್ದ ಹೆಂಗಸರೆಲ್ಲ ಪರ್ಸನ್ನು ಎದೆಗೆ ಅವಚಿಕೊಂಡಿದ್ದರು. ಅಂಗಡಿಯ ಪಹರೆಯವನು ಎಲ್ಲಿಂದಲೋ ಬಂದು ನನ್ನ ಮಗ್ಗುಲಲ್ಲಿ ನಿಂತ. ನಾವು ಮೆಟ್ಟಿಲಿಳಿದರೆ ಅವನೂ ಇಳಿದ. ಬಾಗಿಲು ದಾಟಿ ರಸ್ತೆಗೆ ಬಂದು ರಿಕ್ಷಾ ಹತ್ತುವವರೆಗೆ ನನ್ನ ಕೈಮೇಲಿನ ಕಣ್ಣು ತೆಗೆಯಲಿಲ್ಲ.

ರಿಕ್ಷಾ ಹೊರಟ ಮೇಲೆ ಹೆಂಡತಿ ಖುಷಿಯಿಂದ ಅಂದಳು: "ಭಾಳ ಚೊಲೊ ಅಂಗಡಿ ನೋಡ್ರಿ. ಒಂದ ಸೀರಿ ತಗೊಂಡ್ರೂ ರಿಕ್ಷಾ ತನಕಾ ಬಿಟ್ಟು ಹ್ವಾದ್ರು!"

೪. ದಾರ ಉಘಡೂ ನಕಾ!

ನಮ್ಮೂರ ಮಗ್ಗುಲಿನ ಶಹಾಪುರದಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡ ನೇಕಾರರೊಬ್ಬರು ನನಗೆ ಬಹಳ ಬೇಕಾದವರು. ಅವರ ಮಗಳಿಗೆ ಉದಗಾಂವದ ರೈತರ ಮನೆಯಿಂದ ಸಂಬಂಧ ಬಂದಿತ್ತು. ಮಾತು ಹೆಚ್ಚುಕಡಿಮೆ ಮುಗಿದಿತ್ತು.

ನಾತಾಳದ ದಿನ ಮನೆಮಂದಿಯೆಲ್ಲ ಪನ್ಹಾಳಗಡದ ಕೋಟೆ ನೋಡಲು ಹೋಗಿ ಸಂಜೆಗೆ ಬರುವುದೆಂದಾಯಿತು. ನಾನು ಹೊರಗೆ ಕಾಣದಂತೆ ಬಾಗಿಲೊಳಗೇ ಕೂರುವ ಕೀಲಿ ಹಾಕಿಕೊಟ್ಟೆ. ಬುದ್ಧಿಮಾತೂ ಹೇಳಿದೆ: "ಒಳಗ ಮಂದಿ ಇದ್ದಂಗ ಕಾಣಬೇಕ್ರಿ. ಬಾಗಿಲ ಮುಂದ ಚಪ್ಪಲಿ ಬಿಡ್ರಿ. ಟಿವಿ ದೊಡ್ಡದಾಗಿ ಹಚ್ಚಿಟ್ಟು ಹೋಗ್ರಿ."

ಹಾಗೇ ಮಾಡಿದರು.

ಅದೇ ದಿನ ವರನ ತಾಯಿ-ತಂದೆ ಖರೀದಿಗೆ ಇಚಲಕರಂಜಿಗೆ ಬಂದವರು, ಹೇಗೂ ಬಂದಿದ್ದೇವೆ, ಬೀಗರ ಮನೆಗೆ ಹೋಗಿ ಬರೋಣ ಅಂತ ಬಂದರು. ಚಪ್ಪಲಿ ಇವೆ, ಒಳಗೆ ಮಾತು ಕೇಳುತ್ತಿದೆ. ಬಾಗಿಲು ಬಡಿದರು. ಒಳಗಿಂದ ಹರೆಯದ ಹೆಣ್ಣಿನ ದನಿ, ಅಚ್ಚ ಮರಾಠಿಯಲ್ಲಿ; ನಮ್ಮ ಕಡೆ ಮನೆಗಳಲ್ಲಿ ಎರಡೂ ಭಾಷೆ ನಡೆಯುತ್ತವೆ: "ಕೋಣ ಆಹೇ? ದಾರ ಉಘಡೂ ನಕಾ!" ಯಾರದು, ಬಾಗಿಲು ತೆಗೆಯಬೇಡಿ ಅಂತ. ಇವರು ದಂಗಾಗಿ ನಿಂತರು. ಮತ್ತೆ ಅದೇ ದನಿ: "ಮ್ಹಾತಾರೆ, ಚಾಲತೀ ಹೋ ಘರಾತೂನ!" ಮುದುಕಿ, ಮನೆಬಿಟ್ಟು ತೊಲಗು ಅಂತ. ಮುದುಕಿಯೊಬ್ಬಳು ಅಳುವ ಸಪ್ಪಳ. ಆಮೇಲೆ ಪಾತ್ರೆ-ಭಾಂಡೆ ಎತ್ತಿ ಒಗೆದ ಸಪ್ಪಳ.

ಸಂಜೆಗೇ ಫೋನು ಬಂತು. "ಸಂಬಂಧ ಬ್ಯಾಡ್ರಿ. ಹಡದ ತಾಯಿಗೆ ಹಿಂಗ ಅಂದಾಕಿ, ಅತ್ತಿಗೆ ಏನೇನು ಅಂದಾಳು?"

ಮರುದಿನ ಬೆಳಿಗ್ಗೆ ನೇಕಾರರು ನನ್ನ ಮೇಜಿನ ಮುಂದೆ ನಿಂತಿದ್ದರು. ಮುಖ ಬಾಡಿ ಇಷ್ಟೇ ಆಗಿತ್ತು. "ಮಗಳು ನಿನ್ನಿ ಸಂಜಿಂದ ಒಂದು ತುತ್ತು ಉಂಡಿಲ್ಲ. ಟಿವಿ ಹಚ್ಚು ಅಂದಾವ ನೀನು. ನೀನ ಬಂದು ಹೇಳು."

ಅಂಗಡಿ ಮುಚ್ಚಿ ಅವರ ಜೊತೆ ಉದಗಾಂವಕ್ಕೆ ಹೊರಟೆ. ಒಂದು ಹುಡುಗಿಯ ಬಾಳು ನನ್ನ ಪುಕ್ಕಟೆ ಮಾತಿಗೆ ಸಿಕ್ಕಿಕೊಂಡಿತಲ್ಲ ಅಂತ, ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡೆ.

ವರನ ತಾಯಿ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ನಾನು ಎಲ್ಲ ಬಿಡಿಸಿ ಹೇಳಿದೆ.

"ಟಿವಿ? ನಮಗೇನು ಹುಚ್ಚ ಹಿಡದೈತಿ ಅಂತ ತಿಳಿದೀರಿ?" ಅಂದರು. ಆ ಮನೆಯಲ್ಲಿ ಟಿವಿ ಹಚ್ಚಿದರೆ ಕುಸ್ತಿ, ಕ್ರಿಕೆಟ್ಟು, ಅಷ್ಟೇ. ಅವರು ಧಾರಾವಾಹಿಯ ಮುಖ ನೋಡಿದವರಲ್ಲ.

ವರನ ತಂದೆ ಮಾತ್ರ ಮೆಲ್ಲಗೆ ಅಂದರು: "ನಾ ನಿನ್ನಿನ ಅಂದೇನಿ. ಭಾಂಡೆ ಒಗದ ಕೂಡ್ಲೆ ಹಿಂದ ತಬಲಾ ಹೆಂಗ ಬಾರಿಸ್ತು ಅಂತ."

ನಾನು ಮೊಬೈಲಿನಲ್ಲಿ ಆ ಧಾರಾವಾಹಿಯ ಹಿಂದಿನ ದಿನದ ಕಂತು ಹುಡುಕಿ ತೆಗೆದು ವರನ ತಾಯಿಯ ಮುಂದೆ ಹಿಡಿದೆ. "ಕೋಣ ಆಹೇ? ದಾರ ಉಘಡೂ ನಕಾ!"

ಅವರು ತಟ್ಟನೆ ಈ ಕಡೆ ತಿರುಗಿದರು. ಚಷ್ಮಾ ಹಾಕಿಕೊಂಡರು. ಮೊಬೈಲು ಇಸಿದುಕೊಂಡರು. ಮುದುಕಿ ಅತ್ತಳು, ಭಾಂಡೆ ಬಿದ್ದವು, ತಬಲಾ ಬಾರಿಸಿತು. ಚಹಾ ಬಂದು ಆರಿಹೋಯಿತು.

ನೇಕಾರರಿಗೆ ತಡೆಯಲಾಗಲಿಲ್ಲ. ಎರಡೂ ಕೈ ಜೋಡಿಸಿ, "ಅಕ್ಕಾರ, ಹಂಗಾದ್ರ ನಮ್ಮ ಮಗಳ ಮಾತು ಏನ ಮಾಡಿದ್ರಿ?" ಅಂದರು.

ಅವರು ಮೊಬೈಲಿನಿಂದ ಕಣ್ಣು ಕೀಳದೆ ಕೈ ಎತ್ತಿ ತಡೆದರು: "ಮದುವಿ ಎಲ್ಲಿಗೆ ಹೋಗ್ತೈತ್ರಿ, ಮಾಡಿದ್ರಾತು. ಚೂರು ಸುಮ್ಮ ಕುಂದರ್ರಿ. ಈ ಹಡಬಿ ಆ ಮುದುಕಿನ್ನ ಹೊರಗ ಹಾಕ್ತಾಳೋ ಇಲ್ಲೋ, ಮೊದ್ಲು ಅದು ಗೊತ್ತಾಗ್ಲಿ!"