ನಮ್ಮತ್ತೆಯ ಮೋರಿ ತನಿಖೆ

ಬೇರೆಯವರ ಅತ್ತೆಯರು ಪಕ್ಕದ ಮನೆಯ ಅಡುಗೆಮನೆಗೆ ಇಣುಕುತ್ತಾರಂತೆ. ನಮ್ಮತ್ತೆ ಅಂಥವರಲ್ಲ. ಅವರು ನೇರವಾಗಿ ಮೋರಿಗೇ ಇಣುಕುತ್ತಾರೆ! "ಅಡುಗೆಮನೇಲಿ ಎಲ್ಲರೂ ಸುಳ್ಳು ಹೇಳ್ತಾರೆ ಕಣಮ್ಮ, ಮೋರಿ ಸುಳ್ಳು ಹೇಳಲ್ಲ" ಅನ್ನುವುದು ಅವರ ವಾದ. ಮಾಲೂರಿನಿಂದ ಸೊಸೆಯಾಗಿ ಕೋಲಾರಕ್ಕೆ ಬಂದ ಹೊಸತರಲ್ಲಿ ನಾನು ಇದನ್ನು ಕೇಳಿ ಗಾಬರಿಯಾಗಿ ನಮ್ಮಮ್ಮನಿಗೆ ಫೋನ್ ಮಾಡಿದ್ದೆ. ಅಮ್ಮ, "ಅಡುಗೆಮನೆಗೆ ಇಣುಕಲ್ಲ ಅಂದ್ರೆ ಒಳ್ಳೇದೇ ಅಲ್ವೇನೇ?" ಎಂದಿದ್ದಳು.

ಈ ಮೋರಿ ಪ್ರೀತಿಗೆ ಕಾರಣವಿಲ್ಲದೆ ಇರಲಿಲ್ಲ. ನಮ್ಮದು ಇಳಿಜಾರಿನ ಬೀದಿ. ಮೇಲಿನ ತುದಿಯಲ್ಲಿ ನಾವು, ಕೆಳಗಿನ ತುದಿಯಲ್ಲಿ ಶಾರದಮ್ಮ. ಶಾರದಮ್ಮ ಮತ್ತು ನಮ್ಮತ್ತೆ ಇಬ್ಬರೂ ಆಂಧ್ರದ ಗಡಿಯ ಗೌನಿಪಲ್ಲಿಯವರು, ಮನೆಮಾತು ತೆಲುಗು. ಒಂದೇ ಶಾಲೆ, ಒಂದೇ ಬೆಂಚು, ಮದುವೆಯಾಗಿ ಬಂದು ಸೇರಿದ್ದೂ ಒಂದೇ ಬೀದಿ. ಆ ಬೀದಿಯ ಅಡಿಯಲ್ಲಿ ಇದ್ದದ್ದೂ ಒಂದೇ ಪೈಪು. ಬೀದಿಬದಿಯ ತೆರೆದ ಮೋರಿಯಲ್ಲಿ ಬಂದು ಕೆಳಗೆ ಸೇರುವ ಮಳೆನೀರು ಅದರಲ್ಲೇ, ಬಚ್ಚಲು, ಕಕ್ಕಸಿನ ನೀರೂ ಅದರಲ್ಲೇ. ಬಿಸಿಲಿರುವಾಗ ಹೇಗೋ ಹರಿದು ಹೋಗುತ್ತಿತ್ತು. ಜೋರು ಮಳೆ ಬಂತೋ, ಪೈಪು ಉಕ್ಕಿ, ಕೆಳಗಿನ ಛೇಂಬರಿನ ಮುಚ್ಚಳ ಎದ್ದು, ಬೀದಿಯವರೆಲ್ಲ ಬೆಳಗಿನಿಂದ ಬಿಟ್ಟದ್ದು ಶಾರದಮ್ಮನ ನಡುಮನೆಗೆ ನುಗ್ಗುತ್ತಿತ್ತು. ಊರೆಲ್ಲ ಮಳೆಗಾಗಿ ಕೈಮುಗಿದರೆ ಆಕೆಯೊಬ್ಬರು ಮಳೆ ಬೇಡವೆಂದು ಕೈಮುಗಿಯುತ್ತಿದ್ದರು.

ಕಡೆಗೂ ನಮ್ಮ ಬೀದಿಗೆ ಎರಡು ನೀರನ್ನೂ ಬೇರೆ ಮಾಡುವ ಯೋಜನೆ ಬಂತು. ಕೊಳಚೆ ನೀರಿಗೆ ಹೊಸ ಪೈಪು, ಹಳೇ ಪೈಪು ಬರೀ ಮಳೆನೀರಿಗೆ. ಎಂಜಿನಿಯರ್ ಒಬ್ಬರು ಬಂದು ಬೀದಿಯವರನ್ನೆಲ್ಲ ಸೇರಿಸಿ ತಾಳ್ಮೆಯಿಂದ ವಿವರಿಸಿದರು. ನಮ್ಮತ್ತೆ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಅದನ್ನು ತೆಲುಗಿಗೆ ತರ್ಜುಮೆ ಮಾಡಿದರು: "ವಾನ ನೀಳ್ಳು ವೇರೆ, ಬಚ್ಚಲು ನೀಳ್ಳು ವೇರೆ! ಅರ್ಥಮಯ್ಯಿಂದಾ?" ಮಳೆನೀರು ಬೇರೆ, ಬಚ್ಚಲ ನೀರು ಬೇರೆ ಎಂಬುದು ಎಲ್ಲರಿಗೂ ಕನ್ನಡದಲ್ಲೇ ಅರ್ಥವಾಗಿತ್ತು, ತರ್ಜುಮೆ ಯಾರಿಗೂ ಬೇಕಿರಲಿಲ್ಲ. ಎಂಜಿನಿಯರ್ ಮಾತ್ರ ಮರ್ಯಾದೆಗೆ "ಹೌದಮ್ಮಾ, ಅದೇ" ಎಂದುಬಿಟ್ಟರು. ಅಂದಿನಿಂದ ನಮ್ಮತ್ತೆ ತಮ್ಮನ್ನು ತಾವೇ ಕೆಲಸಕ್ಕೆ ತೆಗೆದುಕೊಂಡರು.

ಜೆಸಿಬಿ ಬಂದ ದಿನ ಕುರ್ಚಿ, ಛತ್ರಿ, ಎಲೆಅಡಿಕೆ ಡಬ್ಬಿ ಸಮೇತ ಗುಂಡಿಯ ಪಕ್ಕ ಹೋಗಿ ಕೂತರು.

"ಅಜ್ಜೀ, ದೂರ ಕೂತ್ಕೊಳ್ಳಿ, ಮಣ್ಣು ಬೀಳುತ್ತೆ" ಎಂದ ಡ್ರೈವರ್.

"ಬಿದ್ದರೆ ಕೊಡವಿಕೊಳ್ತೀನಿ. ನೀನು ಎಡಕ್ಕೆ ತಿರುಗಿಸಪ್ಪ."

ಅವನು ಬಲಕ್ಕೆ ತಿರುಗಿಸಿದ. ಬಲಕ್ಕೇ ತಿರುಗಿಸಬೇಕಿತ್ತು. ಅತ್ತೆ ನನ್ನ ಕಡೆ ವಾಲಿ, "ನೋಡಿದ್ಯಾ, ನಾನು ಹೇಳಿದ್ಮೇಲೆ ಯೋಚನೆ ಮಾಡಿ ತಿರುಗಿಸಿದ" ಎಂದರು. ಮಧ್ಯಾಹ್ನ ಅವನಿಗೆ ರಾಗಿಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಆಯಿತು. ಸಾಯಂಕಾಲದ ಹೊತ್ತಿಗೆ ಅವನು ಪ್ರತಿ ಸಲ ಮಣ್ಣೆತ್ತುವ ಮುಂಚೆ, "ಅಜ್ಜೀ, ಸರೀನಾ?" ಎಂದು ಕೇಳತೊಡಗಿದ್ದ. ಅನ್ನದ ಋಣ ಅಂದರೆ ಇದೇ ಅಲ್ಲವೇ!

ಪೈಪು ಹೂತದ್ದಾಯಿತು. ಇನ್ನು ಯಾರ ಮನೆಯ ನೀರು ಎತ್ತ ಹೋಗುತ್ತದೆಂದು ಬಣ್ಣದ ನೀರು ಬಿಟ್ಟು ಪರೀಕ್ಷೆ ಮಾಡುತ್ತೇವೆ ಎಂದರು ಎಂಜಿನಿಯರ್. ಅವರು ಬರುವವರೆಗೆ ಕಾಯುವಷ್ಟು ತಾಳ್ಮೆ ಯಾರಿಗಿದೆ? ಪಕ್ಕದ ಮನೆಯ ರಿಟೈರ್ಡ್ ಮ್ಯಾನೇಜರರ ಮೇಲೆ ನಮ್ಮತ್ತೆಗೆ ಮೊದಲಿನಿಂದಲೂ ಗುಮಾನಿ, ಅವರ ಮಳೆನೀರು ಎಲ್ಲೋ ತಪ್ಪು ಕಡೆಗೆ ಹೋಗುತ್ತದೆಂದು. ಬಕೆಟ್ಟಿನಲ್ಲಿ ಅರಿಶಿನ, ಸುಣ್ಣ ಕಲಸಿ ಕೆಂಪಗೆ ಆರತಿ ನೀರು ಮಾಡಿಕೊಂಡು ತಾರಸಿಗೆ ಹೋದವರೇ, ಗೋಡೆಯಾಚೆ ಕೈಚಾಚಿ ಅವರ ಮನೆಯ ಮಳೆನೀರಿನ ಪೈಪಿಗೆ ಸುರಿದುಬಿಟ್ಟರು. ಪೈಪು ನಡುವೆ ಒಡೆದಿತ್ತು. ಮ್ಯಾನೇಜರು ಅದರ ಕೆಳಗೆ ಕನ್ನಡಿ ನೇತುಹಾಕಿಕೊಂಡು ಗಡ್ಡ ಬೋಳಿಸಿಕೊಳ್ಳುತ್ತಿದ್ದರು. ಎದೆಯ ಮೇಲೆಲ್ಲ ಕೆಂಪು ಹರಿದದ್ದು ಕಂಡು, ಪಾಪ, ಮೊದಲು ತಮ್ಮ ಕತ್ತನ್ನು ಮುಟ್ಟಿ ನೋಡಿಕೊಂಡರಂತೆ. ಕತ್ತು ಇತ್ತು. ಆಮೇಲೆ ಕೂಗಿಕೊಂಡರು. ಮಧ್ಯಾಹ್ನಕ್ಕೆ ಅವರ ಗೇಟಿನಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ ನೇತಾಡುತ್ತಿದ್ದವು. ಯಾರೋ ಮಾಟ ಮಾಡಿಸಿದ್ದಾರೆಂದು ಬೀದಿಯೆಲ್ಲ ಗುಸುಗುಸು.

ನಮ್ಮತ್ತೆ ಸಮಾಧಾನ ಹೇಳಲು ಹೋದರು. "ಮಾಟವೂ ಇಲ್ಲ ಮಂತ್ರವೂ ಇಲ್ಲ. ನಿಮ್ಮ ಪೈಪು ಒಡೆದಿದೆ, ರಿಪೇರಿ ಮಾಡಿಸಿ."

"ನಿಮಗೆ ಹೇಗೆ ಗೊತ್ತಮ್ಮಾ?"

"ಆರತಿ ಎತ್ತಿದವಳಿಗೆ ಗೊತ್ತಿರಲ್ವಾ?"

ಕೊನೆಗೆ ಎಂಜಿನಿಯರ್ ಹಸಿರು ಬಣ್ಣ, ಕೆಂಪು ಸೀಮೆಸುಣ್ಣ ಹಿಡಿದು ಬಂದರು. ತಪ್ಪು ಜೋಡಣೆ ಇರುವ ಮನೆಯ ಗೇಟಿಗೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ನಮ್ಮತ್ತೆ ಹಿಂದೆ ಹಿಂದೆಯೇ ಹೋಗಿ, ಗುರುತು ಬಿದ್ದ ಮನೆಯವರಿಗೆಲ್ಲ ಉಪದೇಶ ಕೊಟ್ಟರು. "ನಿಮ್ಮ ಹೊಲಸು ಶಾರದಮ್ಮನ ಹೊಸ್ತಿಲಿಗೆ ಹೋಗುತ್ತಲ್ಲ, ಮನಸ್ಸಿಗೆ ಏನೂ ಅನ್ಸಲ್ವಾ?" ಎಲ್ಲರೂ ತಲೆ ತಗ್ಗಿಸಿದರು. ಬೀದಿ ಮುಗಿದು ನಮ್ಮ ಮನೆ ಉಳಿಯಿತು.

ಮುಂದಿನ ಬಾತ್‌ರೂಮ್ ಸರಿಯಿತ್ತು. ಹಿತ್ತಲ ಬಚ್ಚಲಿಗೆ ಬಣ್ಣ ಬಿಟ್ಟರು. ಅದು ಅತ್ತೆ ದಿನಾ ಸ್ನಾನ ಮಾಡುವ ಬಚ್ಚಲು. ಅದರ ಪೈಪನ್ನು ಗೋಡೆಯೊಳಗೇ ತಾರಸಿಯ ಮಳೆ ಪೈಪಿಗೆ ಯಾವ ಕಾಲದಲ್ಲಿ ಸೇರಿಸಿದ್ದರೋ, ನಮಗೆ ಯಾರಿಗೂ ಗೊತ್ತಿರಲಿಲ್ಲ. ಹಸಿರು ನೀರು ಮಳೆ ಮೋರಿಯಲ್ಲಿ ಕಾಣಿಸಿಕೊಂಡು, ಯಾವ ಸಂಕೋಚವೂ ಇಲ್ಲದೆ ಇಳಿಜಾರಿನಲ್ಲಿ ಹೊರಟಿತು. ಬೀದಿಯವರೆಲ್ಲ ನೋಡುತ್ತಿದ್ದರು. ಮ್ಯಾನೇಜರಂತೂ ಕನ್ನಡಕ ಒರೆಸಿಕೊಂಡು ನೋಡಿದರು.

ಎಂಜಿನಿಯರ್ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಳ್ಳಲು ಹೋದರು. "ಇರಲಿ ಬಿಡಿ ಅಮ್ಮಾ, ಆಮೇಲೆ ನೋಡೋಣ."

ಅತ್ತೆ ಕೆಳಗಿನ ತುದಿಯನ್ನೇ ನೋಡುತ್ತ ನಿಂತಿದ್ದರು. ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. "ಕೊಡಿಲ್ಲಿ" ಎಂದು ಅವರ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ನಮ್ಮ ಗೇಟಿಗೆ ತಾವೇ ಗುರುತು ಹಾಕಿದರು. ಬೀದಿಯಲ್ಲೆಲ್ಲ ಅದೇ ದೊಡ್ಡದು.

ಮರುದಿನ ಬೆಳಿಗ್ಗೆ ಹಿತ್ತಲ ಬಚ್ಚಲಿಗೆ ಬೀಗ. ಮುಂದಿನ ಬಾತ್‌ರೂಮ್ ಇದೆಯಲ್ಲ ಅತ್ತೆ ಅಂದರೆ ಕೇಳಬೇಕಲ್ಲ? ಹೆಗಲಿಗೆ ಟವೆಲು, ಕೈಯಲ್ಲಿ ಸೋಪಿನ ಡಬ್ಬಿ, ಹೊರಟರು ಶಾರದಮ್ಮನ ಮನೆಗೆ. ಬೀಳದಿರಲಿ ಎಂದು ಜೊತೆಗೆ ನಾನು.

"ಶಾರದೀ, ನನ್ನ ಬಚ್ಚಲ ನೀರು ಇಷ್ಟು ವರ್ಷ ನಿನ್ನ ಮನೆಗೇ ಬರ್ತಿತ್ತು ಕಣೇ. ಇನ್ಮೇಲೆ ರಿಪೇರಿ ಆಗೋತನಕ ಇಲ್ಲೇ ಸ್ನಾನ ಮಾಡ್ತೀನಿ. ಬೈಯೋದಿದ್ರೆ ಬೈದುಬಿಡು."

ಶಾರದಮ್ಮ ಸೊಪ್ಪು ಬಿಡಿಸುತ್ತಿದ್ದವರು ತಲೆಯೆತ್ತಿದರು. "ನಿಂದಾ? ಸದ್ಯ. ನಾನು ಯಾರದೋ ಅಂದ್ಕೊಂಡಿದ್ದೆ. ಗೊತ್ತಿರೋರದ್ದೇ ಬಿಡು."

ನಮ್ಮತ್ತೆ ಹೆಗಲ ಟವೆಲು ಸರಿಮಾಡಿಕೊಂಡು ಸ್ನಾನಕ್ಕೆ ಹೋದರು.

ಗೋಡೆ ಒಡೆಸಿ, ಪೈಪು ಬದಲಾಯಿಸಿ, ಬೀದಿಯ ಗುರುತುಗಳೆಲ್ಲ ಅಳಿಸಿದ ಮೇಲೆ ಒಂದು ಮಧ್ಯಾಹ್ನ ಮಳೆ ಬಂತು. ಸಣ್ಣ ಮಳೆಯಲ್ಲ, ಕಣ್ಣೆದುರಿನ ಕಂಬ ಕಾಣದಂಥ ಮಳೆ. ಅತ್ತೆ ನನ್ನ ಕೈಹಿಡಿದು ಬೀದಿಗಿಳಿದರು. ಶಾರದಮ್ಮನ ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಬಾಗಿಲು ಹಾಕಿತ್ತು. ಸಂದಿಗೆಲ್ಲ ಹಳೇ ಬಟ್ಟೆ ತುರುಕಿತ್ತು.

"ಶಾರದೀ, ಬಾಗಿಲು ತೆಗಿಯೇ!"

"ತೆಗಿಯಲ್ಲಮ್ಮ, ಒಳಗೆ ಬರುತ್ತೆ!"

"ಏನೂ ಬರಲ್ಲ, ಬಂದಿರೋದು ನಾನೇ! ತೆಗಿ!"

ಬಾಗಿಲು ತೆರೆಯಿತು. ಒಳಗೆ ಅಕ್ಕಿಮೂಟೆ, ದೇವರ ಪಟ, ಚಾಪೆ, ಎಲ್ಲ ಮಂಚದ ಮೇಲೆ. ಶಾರದಮ್ಮ ಅಭ್ಯಾಸಬಲದಿಂದ ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಹೊಸ್ತಿಲಿಗೆ ಬಂದರು. ಮೋರಿಯಲ್ಲಿ ಕೆಮ್ಮಣ್ಣು ಕದಡಿದ ನೀರು ರಭಸವಾಗಿ ಹರಿದು ಹೋಗುತ್ತಿತ್ತು. ಛೇಂಬರಿನ ಮುಚ್ಚಳ ಅಲುಗಲಿಲ್ಲ. ಆಕೆ ನೋಡಿದರು, ನೋಡಿದರು.

ಶಾರದಮ್ಮ ಮೆಲ್ಲಗೆ ಸೆರಗು ಇಳಿಸಿದರು. ಒಮ್ಮೆ ಉಸಿರೆಳೆದುಕೊಂಡರು. ಇನ್ನೊಮ್ಮೆ.

"ಏಮೇ... ಮಣ್ಣಿನ ವಾಸನೆ ಬರ್ತಿದೆ ಕಣೇ."

ನಮ್ಮತ್ತೆ ಗೆಳತಿಯ ಕೈಹಿಡಿದು ಹೊಸ್ತಿಲ ಮೇಲೆ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ನಾಲ್ಕು ಪಾದಗಳೂ ಮಳೆಯಲ್ಲಿದ್ದವು. ನಾನು ಒಳಗೆ ಹೋಗಿ ಅಕ್ಕಿಮೂಟೆಯನ್ನು ಮಂಚದಿಂದ ಇಳಿಸಿ ನೆಲದ ಮೇಲಿಟ್ಟೆ.