ಕಾಕೂನ ಕಾಲ್ಗುಣ ಮತ್ತು ಕರಿ ಕಾರು

ಹಳೆಯ ಕಾರಿನ ವೈರಿಂಗ್ ಬಿಚ್ಚಿದ ದಿನ ನಗದೆ ಮನೆಗೆ ಹೋದದ್ದು ನನಗೆ ನೆನಪಿಲ್ಲ. ಬೆಳಗಾವಿಯಲ್ಲಿ ಗಾಡಿಗಳ ಎಲೆಕ್ಟ್ರಿಕ್ ಕೆಲಸದ ಅಂಗಡಿ ತೆರೆದು ನೊಣ ಹೊಡೆಯುತ್ತಾ ಕೂತಿದ್ದೆ. ಮೊದಲ ಕೆಲಸ ಕೊಟ್ಟವರು ಸದಾಶಿವನಗರದ ಒಬ್ಬ ಕಾಕಾ ಮತ್ತು ಅವರ ಹೆಂಡತಿ, ಕಾಕು. ಕಾಕಾನ ಅಪ್ಪನ ಕಾಲದ ಕರಿ ಕಾರು ಹದಿನೈದು ದಿನಕ್ಕೊಮ್ಮೆ ಕೆಡುತ್ತಿತ್ತು. ಅದರ ಪುಣ್ಯದಿಂದಲೇ ನನ್ನ ಅಂಗಡಿ ಕಾಲೂರಿತು. ಕಾರಿನ ರೇಡಿಯೊ ಎಂದೋ ಸತ್ತಿತ್ತು. ರಿಪೇರಿಯ ಪಾಳಿ ಇನ್ನೂ ಬಂದಿರಲಿಲ್ಲ.

ಎಡಕ್ಕೆ ಹೊರಳಿದರೆ

ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ಸಾಕು, ಹಾರ್ನ್ ತಾನೇ ಹೊಡೆದುಕೊಳ್ಳುತ್ತಿತ್ತು. ಒಳಗಿನ ತಂತಿ ಸವೆದಿತ್ತು. ಆ ದಿನ ಕಾಕಾ ಒಂದು ತಾಸು ತಡವಾಗಿ ಬಂದರು.

“ಯಾಕ್ರಿ ಕಾಕಾ, ಇಷ್ಟೊತ್ತು?”

“ಎಡಕ್ಕ ಹೊಳ್ಳಿದ್ರ ಮಂದಿ ಬೈತಾರೋ ತಮ್ಮಾ. ಮನಿಯಿಂದ ಇಲ್ಲೀತನಕ ಬರೇ ಬಲಕ್ಕ ಹೊಳ್ಳಕೋತ ಬಂದೇನಿ!”

ಗಟ್ಟಿ ಫ್ಯೂಸ್

ಇನ್ನೊಮ್ಮೆ ಫ್ಯೂಸಿನ ಡಬ್ಬಿ ತೆಗೆದೆ. ಫ್ಯೂಸ್ ಇರಬೇಕಾದ ಕಡೆ ಹೇರ್‌ಪಿನ್ ಸಿಕ್ಕಿಸಿತ್ತು. “ಇದೇನ್ರಿ ಕಾಕಾ?” ಎಂದೆ.

“ಫ್ಯೂಸ್ ಭಾಳ ನಾಜೂಕು, ಸುಟ್ಟ ಹೊಕ್ಕೈತಿ. ಇದು ಗಟ್ಟಿ ಐತಿ ನೋಡು” ಎಂದರು ಕಾಕಾ, ಹೆಮ್ಮೆಯಿಂದ.

ಬಾಜು ನಿಂತಿದ್ದ ಕಾಕು ಬಗ್ಗಿ ನೋಡಿದರು. “ಮೂರು ದಿನದಿಂದ ಹುಡುಕಾಕತ್ತೀನಿ, ಇಲ್ಲೈತೇನು!” ಎಂದು ಕಿತ್ತು, ಸೆರಗಿನಿಂದ ಒರೆಸಿ, ತುರುಬಿಗೆ ಸಿಕ್ಕಿಸಿಕೊಂಡರು.

ಕಾಲ್ಗುಣ

ಎಲ್ಲಕ್ಕಿಂತ ದೊಡ್ಡದು ಹೆಡ್‌ಲೈಟಿನ ಕತೆ. ಕಾಕಾ ಒಬ್ಬರೇ ಹೋದರೆ ಅದು ಹತ್ತುತ್ತಿರಲಿಲ್ಲ. ಕಾಕು ಪಕ್ಕದಲ್ಲಿ ಕೂತರೆ ಝಗ್ಗನೆ ಹತ್ತುತ್ತಿತ್ತು.

“ಖರೇನ, ಇಕಿ ಕಾಲ್ಗುಣ! ಆದ್ರ ಇಕಿಗೂ ಮನಿ ಕೆಲಸ ಇರತಾವ, ಪಾಪ ಎಷ್ಟಂತ ನನ್ನ ಸಂಗಾಟ ತಿರಗತಾಳ? ರಿಪೇರಿ ಮಾಡು” ಎಂದು ಹೇಳಿ ಕಾಕಾ ಚಹಾ ಕುಡಿಯಲು ಹೋದರು.

ಕಾಕು ಸೀಟಿನಲ್ಲೇ ಇದ್ದರು. ಲೈಟು ಹತ್ತಿತ್ತು. “ಕಾಕು, ಕಾಲು ಎತ್ರಿ” ಎಂದೆ. ಆರಿತು. ಇಟ್ಟರು, ಹತ್ತಿತು. ಕಾಲ ಕೆಳಗಿನ ಮ್ಯಾಟ್ ಸರಿಸಿದೆ. ಲೈಟಿನ ಅರ್ಥಿಂಗ್ ತಂತಿಯ ನಟ್ ಸಡಿಲಾಗಿತ್ತು. ಕಾಕು ತುಳಿದಾಗ ಮಾತ್ರ ತಂತಿ ಕಾರಿನ ತಗಡಿಗೆ ತಾಗುತ್ತಿತ್ತು.

ನನಗೆ ನಗು ಬಂತು, ಕಾಕುಗೆ ಬರಲಿಲ್ಲ.

“ಇರ್ಲಿ ಬಿಡೋ ತಮ್ಮಾ. ಇಷ್ಟು ವರ್ಷ ಇವ್ರು ಖಾನಾಪುರ ಸಂತಿಗೂ ಕರಕೊಂಡು ಹೋಗಿದ್ದಿಲ್ಲ. ಈ ಲೈಟ್ ಕೆಟ್ಟಮ್ಯಾಲ ಪಾರಿಶ್ವಾಡ ನೋಡಿದೆ, ಗುಂಜಿ ನೋಡಿದೆ.”

“ಕಿಡಿ ಹಾರಿ ಬೆಂಕಿ ಹತ್ತೀತ್ರಿ, ಕಾಕು.”

“ಹಂಗಾರ ಮಾಡು” ಎಂದರು, ಸಣ್ಣ ದನಿಯಲ್ಲಿ. ನನಗೆ ಅನ್ನ ಕೊಟ್ಟ ಮನೆಯ ಸುಖವನ್ನು ನಾನೇ ಕಸಿದುಕೊಳ್ಳುತ್ತಿದ್ದೇನೆ ಅನ್ನಿಸಿತು. ಆದರೂ ನಟ್ ಬಿಗಿ ಮಾಡಿದೆ.

ಕಾಕಾ ಬಂದು ಸ್ವಿಚ್ ಒತ್ತಿದರು. ಕಾಕು ಕಾಲೆತ್ತಿದರೂ ಲೈಟು ಆರಲಿಲ್ಲ. ಕಾಕು ಚೀಲ ಹಿಡಿದು ಮೆಲ್ಲಗೆ ಕೆಳಗಿಳಿದರು.

“ಯಾಕ ಇಳದಿ?”

“ಲೈಟ್ ಹತ್ತೈತಲ್ರಿ. ಇನ್ನ ನನ್ನ ಕೆಲಸ ಏನೈತಿ? ರಿಕ್ಷಾದಾಗ ಮನೀಗೆ ಹೊಕ್ಕೀನಿ.”

“ಹತ್ತು ಹತ್ತು. ಹಾದಿ ತುಂಬ ಮಾತಾಡೋರು ಯಾರು?” ಎಂದು ಕಾಕಾ ತಾವೇ ಬಾಗಿಲು ಹಿಡಿದರು. ಕಾಕು ಹತ್ತಿ ಕೂತು ಸೆರಗು ಸರಿಮಾಡಿಕೊಂಡರು. ಅವರ ಮುಖ ನೋಡಿ ನನ್ನ ಜೀವಕ್ಕೆ ಎಷ್ಟು ಸಮಾಧಾನವಾಯಿತೆಂದರೆ, ಅಂದಿನ ಮಜೂರಿ ಬೇಡವೆಂದುಬಿಟ್ಟೆ.

ಕಾರು ಸುರುವಾದ ಮೇಲೆ ಕಾಕಾ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ಹತ್ತಿರ ಕರೆದರು.

“ಎಲ್ಲಾ ಛಲೋ ಮಾಡೀಯಪಾ. ಆ ಕೆಟ್ಟ ರೇಡಿಯೊ ಮಾತ್ರ ಎಂದೂ ಮುಟ್ಟಬ್ಯಾಡ ನೋಡು!”