ಕಂಪ್ಯೂಟರಿನ ಹಾಜರಿ ತೆಗೆದುಕೊಂಡ ದಿನ

ಸುರಪುರದಲ್ಲಿ ಮದುವೆ ವಿಡಿಯೋ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಎಂಟು ಕೋರಿನ, ಅಂದರೆ ಒಳಗೆ ಎಂಟು ಮಿದುಳಿನ, ಕಂಪ್ಯೂಟರ್ ಇರುವುದು ನನ್ನೊಬ್ಬನ ಬಳಿ ಎಂದು ನಾನು ನಂಬಿದ್ದೆ. ಅದರ ದುಡಿಮೆ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ಪರದೆಯ ಮೇಲೆ ಎಂಟು ಚೌಕ, ಎಂಟರಲ್ಲೂ ಗೆರೆ ಕುಣಿಯುತ್ತಿತ್ತು. ಗಿರಾಕಿಗೆ ಚಹಾ ಹೇಳುವ ಮೊದಲು ಅದನ್ನು ತೋರಿಸುತ್ತಿದ್ದೆ. "ನೋಡ್ರಿ, ಒಳಗ ಎಂಟು ಮಂದಿ ದುಡಿಯಾಕತ್ತಾರ!"

ಪಕ್ಕದ ಮನೆಯ ಭೀಮವ್ವನ ಮಗಳು ರೇಣುಕಾಳ ಮದುವೆ ಆಗಿ ಒಂದೇ ದಿನವಾಗಿತ್ತು. ಆ ಸಂಜೆ ಯಾದಗಿರಿಯಿಂದ ರೈಲು ಹತ್ತಿ ಗಂಡನ ಮನೆಗೆ, ಸೊಲ್ಲಾಪುರಕ್ಕೆ ಹೊರಟಿದ್ದಳು. ಬೆಳಿಗ್ಗೆಯೇ ನನ್ನ ಅಂಗಡಿಗೆ ಬಂದಳು.

"ಕಾಕಾ, ಅಲ್ಲಿ ಮುದುಕ್ರು, ಹೆಣ್ಮಕ್ಕಳು ಯಾರೂ ಮದವಿಗಿ ಬಂದಿಲ್ಲ, ನಮ್ಮ ಮಂದೀನ ನೋಡಿಲ್ಲ. ಏನೋ ಹಳ್ಳಿ ಮಂದಿ ಅಂತ ತಿಳಕೊಂಡಾರ. ಕಾಲಿಟ್ಟ ದಿನಾನ ಎಲ್ಲಾರ್ನೂ ಕುಂದ್ರಿಸಿ, ಅರಿಶಿಣದಾಗ ನಮ್ಮವ್ವ ಹಾಡಿದ್ದು ತೋರಿಸ್ಬೇಕ್ರಿ."

"ಮಧ್ಯಾಹ್ನದೊಳಗ ನಿನ್ನ ಕೈಯಾಗ ಪೆನ್‌ಡ್ರೈವ್. ಎಂಟು ಮಂದಿ ಅದಾರ, ಕಾಳಜಿ ಬಿಡು!" ಎಂದೆ.

ತುಣುಕುಗಳನ್ನೆಲ್ಲ ಜೋಡಿಸಿ, ಒಂದೇ ವಿಡಿಯೋ ಆಗಿ ಕಟ್ಟಲು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟೆ. ಕೆಲಸ ಅರ್ಧ ದಾಟಿತ್ತು. ಅಷ್ಟರಲ್ಲಿ ಮದುಮಗನ ಅಣ್ಣ ಶಿವಾನಂದ ವಿಚಾರಿಸಲು ಬಂದ. ಅವನು ಕಂಪ್ಯೂಟರ್ ಓದಿದವನು. ನಾನು ಬಿಡುತ್ತೇನೆಯೇ? ಅವನಿಗೂ ಚೌಕಗಳನ್ನು ತೋರಿಸಿದೆ.

"ಕಾಕಾ, ಇವು ಎಂಟಲ್ರಿ, ನಾಕ" ಎಂದ. "ಮಶಿನ್ ಚಾಲೂ ಆಗೂವಾಗ ಯಾರ‍್ಯಾರು ಅದೀರಿ ಅಂತ ಆಪರೇಟಿಂಗ್ ಸಿಸ್ಟಮ್ ಕೇಳ್ತದ. ಒಂದೊಂದು ಕೋರ್ ಎರಡೆರಡು ಹೆಸರು ಹೇಳ್ತದ. ಹೈಪರ್‌ಥ್ರೆಡಿಂಗ್ ಅಂತಾರ. ಆದ್ರ ಅದರಿಂದ..."

ಮುಂದೆ ಏನು ಹೇಳಿದನೋ ನನ್ನ ಕಿವಿಗೆ ಬೀಳಲಿಲ್ಲ. ನನಗೆ ಮೈಯೆಲ್ಲ ಉರಿ! ಈ ಅಂಗಡಿ ಹಾಕುವ ಮೊದಲು ನಾನು ಕಾಲುವೆ ಕೆಲಸದಲ್ಲಿ ಹಾಜರಿ ಬರೆಯುತ್ತಿದ್ದವನು. ಒಬ್ಬನೇ ಆಳು ಎರಡು ಹೆಸರಿಗೆ ಕೈ ಎತ್ತಿದರೆ ಎರಡನ್ನೂ ಹೊಡೆದುಹಾಕಿದವನು. ಅಂಥವನ ಅಂಗಡಿಯಲ್ಲೇ, ಅವನ ಕಣ್ಣೆದುರೇ, ನಾಲ್ಕು ಕಳ್ಳ ಹಾಜರಿ!

ಶಿವಾನಂದ ಹೋದದ್ದೇ ತಡ, ನಡೆಯುತ್ತಿದ್ದ ಕೆಲಸವನ್ನು ಸ್ಥಗಿತಗೊಳಿಸಿ ಶಿಸ್ತುಕ್ರಮಕ್ಕೆ ಮುಂದಾದೆ. ಅಂಗಡಿಯ ಹಿಂದಿನ ಅಡುಗೆಮನೆಯಿಂದ ನನ್ನ ಹೆಂಡತಿ ಮಾದೇವಿ ಓಡಿ ಬಂದಳು.

"ಅಯ್ಯ, ಅರ್ಧಕ್ಕಿಂತ ಹೆಚ್ಚಿಗಿ ಮುಗದಿತ್ತಲ್ರಿ! ಯಾಕ ಬಂದ್ ಮಾಡಿದ್ರಿ?"

"ಕಳ್ಳ ಹೆಸರು ತಗಿಯಾಕತ್ತೀನಿ."

"ಕಳ್ಳರ ಇರ್ಲಿ, ಕೆಲಸ ಮಾಡಾಕತ್ತಿದ್ರಲ್ಲ!"

ಹೆಂಗಸರಿಗೆ ಆಡಳಿತ ಅರ್ಥವಾಗುವುದಿಲ್ಲ ಎಂದುಕೊಂಡೆ. ಕಂಪ್ಯೂಟರ್ ಏಳುವಾಗ ಬರುವ ನೀಲಿ ಪರದೆಗೆ ಹೋಗಿ ಹೈಪರ್‌ಥ್ರೆಡಿಂಗ್ ಎಂಬುದನ್ನು ಬಂದ್ ಮಾಡಿದೆ. ಅಷ್ಟಕ್ಕೇ ನಿಂತಿದ್ದರೆ ಮಾನ ಉಳಿಯುತ್ತಿತ್ತು. ಆಪರೇಟಿಂಗ್ ಸಿಸ್ಟಮ್ಮಿಗೂ ಬುದ್ಧಿ ಹೇಳೋಣವೆಂದು ಅದರ ಸೆಟ್ಟಿಂಗಿನೊಳಗೆ ಹೊಕ್ಕೆ. ಅಲ್ಲಿ 'ಪ್ರೊಸೆಸರ್‌ಗಳ ಸಂಖ್ಯೆ' ಎಂದು ಒಂದು ಖಾಲಿ ಚೌಕವಿತ್ತು. ಸರಿಯಾಗಿ ಎಣಿಸು ಎಂಬ ಅರ್ಥದಲ್ಲಿ ಟಿಕ್ ಹಾಕಿದೆ. ಕೆಳಗೆ ಒಂದು ಎಂಬ ಅಂಕಿ ಮೂಡಿತು. ಸಾಲಿನ ಕ್ರಮಸಂಖ್ಯೆ ಇರಬೇಕೆಂದು ಒಪ್ಪಿಗೆ ಒತ್ತಿ, ಮತ್ತೆ ಚಾಲೂ ಮಾಡಿ, ವಿಡಿಯೋ ಕೆಲಸ ಮೊದಲಿನಿಂದ ಹಚ್ಚಿ, ಊಟಕ್ಕೆ ಕುಳಿತೆ. ಪ್ರಾಮಾಣಿಕನ ಊಟ! ಎರಡು ರೊಟ್ಟಿ ಹೆಚ್ಚೇ ಹೋದವು.

ಎದ್ದು ಬಂದು ನೋಡಿದರೆ, ಪರದೆಯ ಮೇಲೆ ಒಂದೇ ಚೌಕ. ಅದರ ಗೆರೆ ನೆತ್ತಿಗೆ ಹತ್ತಿ ನಿಂತಿತ್ತು. ಮುಗಿಯಲು ನಾಳೆ ಬೆಳಿಗ್ಗೆಯಾಗುತ್ತದೆ ಎಂದು ಕಂಪ್ಯೂಟರ್ ನಿರ್ವಿಕಾರವಾಗಿ ತಿಳಿಸಿತು. ಶಿವಾನಂದನಿಗೆ ಫೋನ್ ಹಚ್ಚಿದೆ.

"ಏನ್ ಮಾಡಿದ್ರಿ ಕಾಕಾ! ಒಂದ ಕೋರ್ ಸಾಕು ಅಂತ ನೀವ ಬರಕೊಟ್ರ ಅದು ಉಳಿದದ್ದು ಮುಟ್ಟಂಗಿಲ್ಲ. ಮತ್ತ ಆ ಎರಡನೇ ಹೆಸರು ಸುಳ್ಳಲ್ರಿ. ಒಲಿ ಒಂದ, ಅಡಿಗಿ ಮಾಡಾಕಿಯರು ಇಬ್ರು ಅನ್ಕೋರಿ. ಒಬ್ಬಾಕಿ ಹಿಟ್ಟು ನಾದೂವಾಗ ಇನ್ನೊಬ್ಬಾಕಿ ಪಲ್ಯ ಇಡ್ತಾಳ. ಒಲಿ ಖಾಲಿ ಉರಿಯಂಗಿಲ್ಲ. ಮುಂಜಾನಿ ಅದನ್ನ ಹೇಳಾಕತ್ತಿದ್ದೆ, ನೀವು ಕೇಳಬೇಕಲ್ಲ!"

ಎಲ್ಲವನ್ನೂ ಮೊದಲಿನಂತೆ ಮಾಡಿ ಮೂರನೆಯ ಸಲ ಶುರು ಹಚ್ಚುವಷ್ಟರಲ್ಲಿ ರೇಣುಕಾಳನ್ನು ಕೂರಿಸಿಕೊಂಡು ಬೀಗರ ಜೀಪು ಯಾದಗಿರಿಗೆ ಹೊರಟಿತ್ತು. ಯಾದಗಿರಿ ಬಸ್ಸಿನ ಹೊತ್ತಾದಾಗ ವಿಡಿಯೋ ಇನ್ನೂ ಅರ್ಧ. ಭೀಮವ್ವನ ಹಾಡು ಮೊದಲಲ್ಲೇ ಇದೆ, ಅಷ್ಟಾದರೂ ಆಯಿತಲ್ಲ ಎಂದು ಕೆಲಸ ನಿಲ್ಲಿಸಿ, ಆಗಿದ್ದಷ್ಟು ಫೈಲನ್ನು ಪೆನ್‌ಡ್ರೈವಿಗೆ ಎಳೆದುಕೊಂಡೆ. ತೆರೆದು ನೋಡಲು ಪುರಸೊತ್ತಿರಲಿಲ್ಲ. ಶಹಾಪುರದಲ್ಲಿ ಬಸ್ಸು ನಿಂತಾಗ ಡ್ರೈವರನನ್ನು ಮನಸ್ಸಿನಲ್ಲೇ ಬೈದೆ, ಬೈಯಬೇಕಾದ ಮನುಷ್ಯ ನನ್ನ ಸೀಟಿನಲ್ಲೇ ಕೂತಿದ್ದ. ರೈಲು ಇನ್ನೇನು ಹೊರಡಬೇಕು, ಕಿಟಕಿಯಲ್ಲಿ ಕೊಟ್ಟೆ.

"ಅರ್ಧಾನ ಆಗೇದವ್ವ. ಆದ್ರ ಅವ್ವನ ಹಾಡು ಅದರಾಗ ಅದ."

"ಅಷ್ಟ ಸಾಕು ಕಾಕಾ" ಎಂದು ರೇಣುಕಾ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು. ನನಗೆ ಕಣ್ಣು ತುಂಬಿ ಬಂತು.

ಮರುದಿನ ಪೂರ್ತಿ ವಿಡಿಯೋ ಮುಗಿಸಿ ಅವಳ ಫೋನಿಗೆ ಕಳಿಸಿದೆ. ಸಂಜೆ ಅವಳೇ ಫೋನ್ ಮಾಡಿದಳು. ದನಿ ಸಣ್ಣಗಾಗಿತ್ತು.

"ನಿನ್ನಿ ರಾತ್ರಿ ಬಂದ ಕೂಡ್ಲೇ ಎಲ್ಲಾರ್ನೂ ಟಿವಿ ಮುಂದ ಕುಂದ್ರಿಸಿದ್ದೆ ಕಾಕಾ. ನಿಮ್ಮ ಪೆನ್‌ಡ್ರೈವ್ ತೆರೀಲೇ ಇಲ್ಲ. ಅರ್ಧಕ್ಕ ನಿಂತ ಫೈಲ್ ನಡಿಯಂಗಿಲ್ಲಂತ. ಆಮ್ಯಾಲ ಗಂಡಿನ ಕಡೆಯವ್ರು ಮದವಿಗಿ ಕರಕೊಂಡು ಬಂದಿದ್ದ ಕ್ಯಾಮೆರಾದವ ತಗದದ್ದು ಹಚ್ಚಿದ್ರು. ಅದರಾಗ ನಮ್ಮವ್ವ ಒಂದ ಕಡೆ ಬರ‍್ತಾಳ, ಸಾಂಬಾರ್ ಬಕೀಟ್ ಹಿಡಕೊಂಡು. ಇವರ ಅಜ್ಜಿ ಕೇಳಿದ್ಳು, ಈಕಿ ಅಡಿಗಿಯಾಕಿ ಏನು ಅಂತ."

"ಈಗ ಪೂರ್ತಿ ಕಳಿಸೀನಲ್ಲವ್ವ, ತೋರಿಸು."

"ಮದವಿ ಒಮ್ಮೆ ನೋಡಿ ಮುಗಿಸ್ಯಾರ ಕಾಕಾ. ಇನ್ನ ಯಾರು ಕುಂದರ‍್ತಾರ?"

ಫೋನ್ ಇಟ್ಟು ತಿರುಗಿದರೆ ಬಾಗಿಲಲ್ಲಿ ಭೀಮವ್ವ ನಿಂತಿದ್ದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿದಳು. "ರೇಣಿ ಏನಂದ್ಳರಿ? ನನ್ನ ಹಾಡು ಕೇಳಿದ್ರಂತ?"

"ಕೇಳಿ ಭಾಳ ಖುಷಿ ಪಟ್ರಂತವ್ವ, ಎರಡು ಸಲ ಹಚ್ಚಿಸಿದ್ರಂತ!" ಎಂದೆ.

ಇಡೀ ಎರಡು ದಿನದಲ್ಲಿ ನನ್ನಿಂದ ತಡವಾಗದೆ, ಎಲ್ಲೂ ಅರ್ಧಕ್ಕೆ ನಿಲ್ಲದೆ ಹೊರಬಂದ ಸಾಮಾನು ಇದೊಂದೇ.